ಆ ಹಡಗಿನ ಹೆಸರಾದ್ರೂ ಹೇಳ್ರಪ್ಪ

ಏಪ್ರಿಲ್ 14 ರಜೆ. ಹಾಗಾಗಿ ನಮ್ಮ ಆಫೀಸಿನಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ 15ಕ್ಕೆ. ಅಂಗಿಗೆ ಪುಟ್ಟ ಬಾವುಟ ಚುಚ್ಚಿದರು, ಒಂದು ನಿಮಿಷ ಮೌನ, ಆಮೇಲೆ ಸಮೋಸಾ. ಭಾಷಣ ಮಾಡಿದವರು "1944ರಲ್ಲಿ ಬಾಂಬೆಯಲ್ಲಿ ಒಂದು ಹಡಗಿಗೆ ಆಕಸ್ಮಿಕವಾಗಿ ಬೆಂಕಿ ಬಿತ್ತು" ಅಂದು ಮುಂದಿನ ಸ್ಲೈಡಿಗೆ ಹೋದರು.

ಆಕಸ್ಮಿಕ! ಪಿತ್ತ ನೆತ್ತಿಗೇರಿತು. ನನ್ನ ಹಡಗಿನ ಹುಚ್ಚು ನಿಮಗೆ ಗೊತ್ತೇ ಇದೆಯಲ್ಲ.

ಆ 'ಒಂದು ಹಡಗಿ'ಗೆ ಹೆಸರಿದೆ. ಫೋರ್ಟ್ ಸ್ಟಿಕೀನ್. ಕೆನಡಾದ ಪ್ರಿನ್ಸ್ ರೂಪರ್ಟ್‌ನಲ್ಲಿ 1942ರಲ್ಲಿ ಕಟ್ಟಿದ್ದು. ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ನಿನ ಹಡಗುಗಳನ್ನು ಮುಳುಗಿಸುತ್ತಿದ್ದಾಗ ಒಂದೇ ನಕ್ಷೆ ಇಟ್ಟುಕೊಂಡು ಸಾಲಾಗಿ ಕಟ್ಟಿದ ಹಡಗುಗಳಲ್ಲಿ ಇದೂ ಒಂದು. ಅಂದಚಂದ ಏನಿಲ್ಲ. ನಮ್ಮ ಲಾರಿ ಇದ್ದ ಹಾಗೆ, ತುಂಬು, ಹೊರಡು.

ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರಿನಿಂದ ಹೊರಟಾಗ ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು, ಸ್ಪಿಟ್‌ಫೈರ್ ವಿಮಾನಗಳು, ಚಿನ್ನದ ಗಟ್ಟಿಗಳು. ಕರಾಚಿಯಲ್ಲಿ ಇದರ ಜೊತೆ ತುಂಬಿದ್ದೇನು ಗೊತ್ತಾ? ಹತ್ತಿ. ಸಾವಿರಾರು ಬೇಲು! ಎರಡನೇ ಹೋಲ್ಡಿನ, ಅಂದ್ರೆ ಸರಕು ತುಂಬುವ ಕೋಣೆಯ, ತಳದಲ್ಲಿ ಹತ್ತಿ, ಅದರ ಮೇಲಿನ ಅಂತಸ್ತಿನಲ್ಲಿ ಮದ್ದು. ಒಲೆ ಮೇಲೆ ಪಾತ್ರೆ ಇಟ್ಟ ಹಾಗೆ. ಇದು ಆಕಸ್ಮಿಕವಂತೆ.

"ಯುದ್ಧಕಾಲ ಸರ್, ಹಡಗು ಕಮ್ಮಿ, ಸಿಕ್ಕಿದ್ದನ್ನ ತುಂಬ್ತಾರೆ" ಅಂದರು ಪಕ್ಕದ ಸೀಟಿನವರು. ಆಯ್ತಪ್ಪ, ತುಂಬಲಿ. ಬಾಂಬೆ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ ಎರಡು ದಿನ ನಿಂತರೂ ಮದ್ದು ಪೂರ್ತಿ ಇಳಿದಿರಲಿಲ್ಲವಲ್ಲ? ಒಳಗೆ ಸ್ಫೋಟಕ ಇದೆ ಅಂತ ತಿಳಿಸುವ ಕೆಂಪು ಬಾವುಟ ಏರಿಸಿರಲಿಲ್ಲವಲ್ಲ? ಒಂದು ತುಂಡು ಬಟ್ಟೆ ಏರಿಸೋಕೆ ಯಾವ ಯುದ್ಧ ಅಡ್ಡ ಬಂತು? ಕೊನೆಗೆ ತನಿಖೆಯಲ್ಲಿ ಬೆರಳು ತಿರುಗಿದ್ದು ಯಾರೋ ಕೂಲಿಯವನು ಎಸೆದಿರಬಹುದಾದ ಸಿಗರೇಟ್ ತುಂಡಿನ ಕಡೆಗೆ. ಸರಿಹೋಯ್ತು.

ಏಪ್ರಿಲ್ 14ರ ಮಧ್ಯಾಹ್ನ ಹೊಗೆ ಕಂಡಿತು. 4:06ಕ್ಕೆ ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಮ್ಮೆ. ಶಿಮ್ಲಾದ ಭೂಕಂಪ ಮಾಪಕಕ್ಕೂ ಅದರ ನಡುಕ ತಟ್ಟಿತ್ತು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಒಟ್ಟು ಸತ್ತವರು 800 ಅನ್ನುವವರಿದ್ದಾರೆ, 1,300 ಅನ್ನುವವರೂ ಇದ್ದಾರೆ. ಚಿನ್ನದ ಗಟ್ಟಿಗಳ ಲೆಕ್ಕ ಮಾತ್ರ ಪಕ್ಕಾ, 124.

ಇಷ್ಟೆಲ್ಲ ಅಲ್ಲೇ ಎದ್ದು ನಿಂತು ಹೇಳಬೇಕಿತ್ತು. ಹೇಳಲಿಲ್ಲ. ಸುಮ್ನೆ ಸಮೋಸಾ ತಿಂದು ಸೀಟಿಗೆ ಬಂದೆ. ನಮ್ಮ ಮಹಡಿಯ ಬೆಂಕಿ ಆರಿಸುವ ಸಿಲಿಂಡರು ಪ್ರಿಂಟರ್ ಕಾಗದದ ಆರು ಪೆಟ್ಟಿಗೆಗಳ ಹಿಂದೆ ಕೂತಿದೆ, ಕೆಂಪು ತಲೆ ಅಷ್ಟೇ ಕಾಣುತ್ತೆ. ಆ ಪೆಟ್ಟಿಗೆಗಳ ಮೇಲೆ ದಿನಾ ಹೆಲ್ಮೆಟ್ ಇಡುವವನು ನಾನೇ.