ಹೊಸ ಮಾಲು

ಅಡುಗೆಮನೆ ಕಟ್ಟೆಗೆ ಕಲ್ಲು ಹಾಕಿಸಬೇಕಿತ್ತು. ಗ್ರಾನೈಟ್ ಅಂಗಡಿಯವನು ಒಂದು ಸ್ಲ್ಯಾಬಿನ ಮೇಲೆ ಚೊಂಬಿನಿಂದ ನೀರು ಎರಚಿ ಬಣ್ಣ ತೋರಿಸಿದ. "ಕನಕಪುರದ ಮಲ್ಟಿಕಲರ್ ಸಾರ್. ಹಳೇ ಸ್ಟಾಕ್ ಅಲ್ಲ, ಫ್ರೆಶ್ ಮಾಲು" ಎಂದ.

ಫ್ರೆಶ್ ಅಂತೆ! ಆ ಕಲ್ಲು ಆರ್ಕಿಯನ್ ಕಾಲದ್ದು. ಏನಿಲ್ಲವೆಂದರೂ 250 ಕೋಟಿ ವರ್ಷದ್ದು. ಆಗ ಗಾಳಿಯಲ್ಲಿ ಆಮ್ಲಜನಕ ಇತ್ತೆಂದರೆ ಇತ್ತು, ಇಲ್ಲವೆಂದರೆ ಇಲ್ಲ. ಚಂದ್ರ ಇನ್ನೂ ಹತ್ತಿರ ಇದ್ದ. ಭೂಮಿ ಎಷ್ಟು ಜೋರಾಗಿ ಸುತ್ತುತ್ತಿತ್ತೆಂದರೆ, ಹಗಲು ರಾತ್ರಿ ಕೂಡಿಸಿದರೂ 24 ಗಂಟೆ ಆಗುತ್ತಿರಲಿಲ್ಲ. ಇಷ್ಟಾದರೂ ಅವನಿಗೆ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಮ್ಮ ಬ್ಯಾಗಿನಿಂದ ನಿಂಬೆಹಣ್ಣು ತೆಗೆದರು.

ಚಿಕ್ಕಮ್ಮ ತಮ್ಮ ಮನೆಯಲ್ಲಿ ಮಾರ್ಬಲ್ ಹಾಕಿಸಿ, ಹುಳಿ ಚೆಲ್ಲಿದಲ್ಲೆಲ್ಲ ಹೊಳಪು ಹೋಗಿ, ಅಂದಿನಿಂದ ಯಾವ ಕಲ್ಲನ್ನೂ ನಂಬುವುದಿಲ್ಲ. ಅಂಗಡಿ ಹುಡುಗನಿಂದ ಚಾಕು ಇಸಿದುಕೊಂಡು, ಹಣ್ಣನ್ನು ಹೆಚ್ಚಿ, ಸ್ಲ್ಯಾಬಿನ ಒಂದು ಮೂಲೆಗೆ ಹಿಂಡಿದರು. ಬೀಜವನ್ನು ಉಗುರಿನಿಂದ ಪಕ್ಕಕ್ಕೆ ತಳ್ಳಿದರು. "ಹತ್ತು ನಿಮಿಷ ಬಿಡಬೇಕು" ಎಂದರು. ಬಿಟ್ಟೆವು. ಟೀ ಬಂತು, ಕುಡಿದೆವು. ನಿಂಬೆಹುಳಿಗೆ ಕಲ್ಲು ಜಗ್ಗಲಿಲ್ಲ. ಅಷ್ಟಕ್ಕೆ ಸುಮ್ಮನಾಗುತ್ತಾರಾ? ಬ್ಯಾಗಿನಿಂದ ಅರಿಶಿನದ ಪೊಟ್ಟಣ ಬಂತು. ಆಮೇಲೆ ಚಿಕ್ಕ ಸೀಸೆಯಲ್ಲಿ ಕೊಬ್ಬರಿ ಎಣ್ಣೆ. ಎರಡನ್ನೂ ಕಲೆಸಿ, ಪಾಲಿಶ್ ಇಲ್ಲದ ಅಂಚಿಗೆ ಬೆರಳಿನಿಂದ ತೀಡಿದರು. ಅಂಗಡಿಯವನು ಪಾಪ, ತಡೆಯಲಾರದೆ, "ಅಮ್ಮಾ, ಇನ್ನು ಒಗ್ಗರಣೆ ಒಂದು ಬಾಕಿ" ಎಂದ. ಚಿಕ್ಕಮ್ಮ ನಗಲಿಲ್ಲ. ಸೆರಗಿನಿಂದ ಒರೆಸಿ ನೋಡಿದರೆ ಅಂಚಿನಲ್ಲಿ ಹಳದಿ ಉಳಿದಿತ್ತು. ತಾವೇ ಮಾಡಿದ ಆ ಕಲೆಯನ್ನು ಅವನಿಗೆ ತೋರಿಸಿ, ಅಡಿಗೆ ಹತ್ತು ರೂಪಾಯಿ ಇಳಿಸಿದರು!

ಆಟೋದಲ್ಲಿ ಕೂತ ಮೇಲೆ ನಾನು 250 ಕೋಟಿ ವರ್ಷದ ಮಾತೆತ್ತಿದೆ.

"ಅಷ್ಟು ಹಳೇದೇನೋ? ಮೊದಲೇ ಹೇಳೋದಲ್ವಾ, ಇನ್ನೂ ಇಳಿಸಬಹುದಿತ್ತು."

ಚಿಕ್ಕಮ್ಮನನ್ನು ಅಂದು ಏನು ಪ್ರಯೋಜನ? ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂವಿಜ್ಞಾನದವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಫಲಕ ಬೇರೆ ಹಾಕಿದ್ದಾರೆ. ಜನ ಮಾತ್ರ ಫಲಕ ದಾಟಿ ಸೀದಾ ಮೇಲಿನ ಕೆಂಪೇಗೌಡರ ಗೋಪುರಕ್ಕೆ ಹೋಗುತ್ತಾರೆ. ಗೋಪುರಕ್ಕೆ ಕೈ ಮುಗಿಯಲಿ, ಬೇಡ ಅಂದವರಾರು? ನನ್ನ ಸಿಟ್ಟು ಮೊಳೆ ಹಿಡಿದು ಬರುವವರ ಮೇಲೆ. ಮೂರು ತಿಂಗಳು ಬಾಳದ ಪ್ರೇಮಕ್ಕೆ ಇವರಿಗೆ ಆರ್ಕಿಯನ್ ಕಾಲದ ಬಂಡೆಯೇ ಬೇಕಾ? ಬಸ್ಸಿನ ಸೀಟು ಸಾಲದಾ?

ರಾಮನಗರದ್ದು ಇನ್ನೊಂದು ಕಥೆ. ಅಲ್ಲಿನ ಬೆಟ್ಟಗಳೂ 250 ಕೋಟಿ ವರ್ಷದ ಆಸುಪಾಸಿನವು. ನೆಲದಾಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ಗಟ್ಟಿಯಾಗಿ, ಮೇಲಿನದೆಲ್ಲ ಸವೆದ ಮೇಲೆ ಹೊರಗೆ ಕಂಡದ್ದು. ಆದರೆ ಅವುಗಳಿಗೆ ಹೆಸರು ಬಂದದ್ದು ಎಪ್ಪತ್ತರ ದಶಕದ ಒಂದು ಹಿಂದಿ ಸಿನಿಮಾದಿಂದ. ಒಮ್ಮೆ ಅಲ್ಲಿ ನಿಂತು ಬಂಡೆಯೊಳಗಿನ ದಪ್ಪ ಗುಲಾಬಿ ಹರಳುಗಳನ್ನು ನೋಡುತ್ತಿದ್ದೆ. ಒಂದು ಸಂಸಾರ ಏದುಸಿರು ಬಿಡುತ್ತಾ ಬಂತು. ಹೀರೋಯಿನ್ ಕುಣಿದ ಬಂಡೆ ಯಾವುದು ಎಂದು ಕೇಳಿತು. ಕೈಗೆ ಸಿಕ್ಕಿದ ಒಂದನ್ನು ತೋರಿಸಿದೆ. ಮಗಳನ್ನು ಹತ್ತಿಸಿ, ಕುಣಿಸಿ, ವಿಡಿಯೋ ಮಾಡಿಕೊಂಡರು. ಆಮೇಲೆ ನನ್ನ ಕೈಗೆ ಫೋನು ಕೊಟ್ಟು, "ಅಂಕಲ್, ಎಲ್ಲರೂ ಬರೋ ಹಾಗೆ ಒಂದು" ಎಂದರು.