ಎಫ್‌ಸಿ ದಿನ ಬ್ರೇಕ್ ಹಿಡಿಯುತ್ತೆ

ಹಳೇ ಲಾರಿಯೊಂದು ಫಳಫಳ ಹೊಳೆಯುತ್ತಾ ಹೋಗುತ್ತಿದ್ದರೆ ಅವತ್ತು ಆಯುಧಪೂಜೆ, ಇಲ್ಲಾಂದ್ರೆ ಅದರ ಎಫ್‌ಸಿ.

ಬಾಡಿಗೆ ವಾಹನ ರಸ್ತೆಗೆ ಯೋಗ್ಯ ಅಂತ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ, ಪಡೆಯಬೇಕು. ಇದೂ ಒಂಥರಾ ಹೆಣ್ಣು ನೋಡುವ ಶಾಸ್ತ್ರ. ಮೈಮೇಲಿನ ಒಡವೆಯೆಲ್ಲ ಪಕ್ಕದ ಮನೆಯದು. ಟೈರು ಷಡ್ಡಕನ ಲಾರಿಯದು, ಬ್ಯಾಟರಿ ಗ್ಯಾರೇಜಿನದು, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಏಜೆಂಟರದು. ಆ ಸಿಲಿಂಡರ್ ಹತ್ತು ಗಂಟೆಗೆ ಟೆಂಪೋದಲ್ಲಿರುತ್ತೆ, ಹತ್ತೂವರೆಗೆ ಸ್ಕೂಲ್ ವ್ಯಾನಿನಲ್ಲಿ, ಊಟದ ಹೊತ್ತಿಗೆ ಟಿಪ್ಪರಿನಲ್ಲಿ. ಬೆಂಕಿಯೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದೆ.

ಇನ್‌ಸ್ಪೆಕ್ಟರು ಫಸ್ಟ್ ಏಡ್ ಡಬ್ಬಿ ತೆಗೆಸಿದರೆ ಒಳಗೆ ಬೀಡಿ ಕಟ್ಟು, ಎರಡು ಫ್ಯೂಸು, ದೇವಸ್ಥಾನದ ಕುಂಕುಮದ ಪೊಟ್ಟಣ.

‘ಔಷಧಿ ಎಲ್ಲಯ್ಯಾ?’

‘ಕುಂಕುಮ ಇದೆಯಲ್ಲ ಸಾರ್.’

ಸಂಜೆಗೆ ಟೈರು ಷಡ್ಡಕನ ಮನೆ ಸೇರುತ್ತೆ. ಲಾರಿ ತನ್ನ ಬೋಳು ಟೈರು ಹಾಕಿಕೊಂಡು ಜಲ್ಲಿ ತುಂಬಲು ಹೊರಡುತ್ತೆ. ಕಾಗದದ ಪ್ರಕಾರ ಇನ್ನೊಂದು ವರ್ಷ ಅದಕ್ಕೆ ಯಾವ ರೋಗವೂ ಇಲ್ಲ.

ಈ ನಾಟಕ ನಿಲ್ಲಿಸೋಕೆ ಸರ್ಕಾರವೂ ಒಂದು ದಾರಿ ಹುಡುಕಿತು. ಭಾರಿ ವಾಹನಗಳನ್ನು ಮನುಷ್ಯರು ನೋಡೋದು ಬೇಡ, ಯಂತ್ರವೇ ಪರೀಕ್ಷಿಸಲಿ ಅಂತ ನಿಯಮ ಮಾಡಿತು. 2023ರ ಏಪ್ರಿಲ್ 1ಕ್ಕೆ ಕಡ್ಡಾಯ ಅಂದರು. ಆಮೇಲೆ 2024ರ ಅಕ್ಟೋಬರ್ 1 ಅಂದರು. ನಮ್ಮಲ್ಲಿ ಬ್ರೇಕ್ ಸರಿಯಾಗಿ ಹಿಡಿಯೋದು ಇಂಥ ನಿಯಮಗಳಿಗೇ.

ಕಾರಿನವರು ಜಾಸ್ತಿ ನಗಬೇಡಿ. ಸ್ವಂತದ ಕಾರಿಗೆ ರಿಜಿಸ್ಟ್ರೇಷನ್ ಆದಮೇಲೆ 15 ವರ್ಷ ಎಫ್‌ಸಿಯ ಗೊಡವೆಯೇ ಇಲ್ಲ. ಹೊಗೆ ಎಷ್ಟು ಬಿಡುತ್ತೆ ಅಂತ ಕೇಳ್ತಾರೆ, ನಿಲ್ಲುತ್ತಾ ಅಂತ ಯಾರೂ ಕೇಳಲ್ಲ. ಕೇಳೋದು ಪಾಪ ಕಾರೊಂದೇ. ಬೆಲ್ಟ್ ಹಾಕದಿದ್ದರೆ ಕುಂಯ್ ಕುಂಯ್ ಅನ್ನುತ್ತೆ. ಅದರ ಬಾಯಿ ಮುಚ್ಚಿಸೋಕೆ ಒಂದು ಕ್ಲಿಪ್ ಬಂತು. ಪಟ್ಟಿ ಇಲ್ಲ, ಬರೀ ನಾಲಿಗೆ. ಬಕಲ್‌ಗೆ ಟಕ್ ಅಂತ ಸಿಕ್ಕಿಸಿದರೆ ಕಾರು ಗಪ್‌ಚುಪ್. 2023ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಗದರಿಸಿದ ಮೇಲೆ ಆನ್‌ಲೈನ್ ಅಂಗಡಿಗಳು ಇಂಥ ಕ್ಲಿಪ್ ಮಾರುವ 13,118 ಪುಟಗಳನ್ನು ತೆಗೆದುಹಾಕಿದವು. ಒಂದು ತುಂಡು ಲೋಹಕ್ಕೆ ಅಷ್ಟೊಂದು ಗಿರಾಕಿ! ಕ್ಲಿಪ್ ಸಿಗದವರು ಬೆಲ್ಟನ್ನು ಬೆನ್ನ ಹಿಂದೆ ಹಾಯಿಸಿ ಸಿಕ್ಕಿಸುತ್ತಾರೆ. ಅಪಘಾತವಾದರೆ ಸೀಟಿಗಂತೂ ಏನೂ ಆಗಲ್ಲ, ಅಲ್ವಾ?

ಇನ್ನು ಏರ್‌ಬ್ಯಾಗಿನ ಕೆಂಪು ದೀಪ. ಅದು ಆರದೆ ಉರಿಯುತ್ತಿದ್ದರೆ ಒಳಗೆ ಏನೋ ಕೆಟ್ಟಿದೆ, ಬೇಕಾದ ಹೊತ್ತಿಗೆ ಬ್ಯಾಗು ಬಿಚ್ಚಿಕೊಳ್ಳದೇ ಇರಬಹುದು ಅಂತ ಅರ್ಥ. ನಮ್ಮ ಓಣಿಯ ಮೆಕ್ಯಾನಿಕ್ ಅದಕ್ಕೆ ಎರಡು ರೇಟು ಹೇಳ್ತಾನೆ.

‘ಏರ್‌ಬ್ಯಾಗ್ ರಿಪೇರಿ ಆದ್ರೆ ಸಾವಿರಗಟ್ಟಲೆ ಆಗುತ್ತೆ ಸಾರ್. ದೀಪ ರಿಪೇರಿ ಆದ್ರೆ ಐವತ್ತು ರೂಪಾಯಿ, ಕಪ್ಪು ಟೇಪ್ ನಂದೇ.’