ಖರ್ಚೇ ಮಾಡದ ನಮ್ಮ ಕಾಕಾ ಯಾವ ಲೆಕ್ಕಕ್ಕೆ ಬಂದರು?

ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಸ್ವಾನ್ಸಿಗೆ ಬಂದ ಹೊಸತು. ಒಂಬತ್ತು ವರ್ಷದ ಹಿಂದಿನ ಮಾತು. ಇಲ್ಲಿನ ಡಾಕ್ಟರು ನನಗೆ ಬಿಪಿ ಇದೆ ಅಂತ ಹೇಳಿ ಹಸಿರು ಚೀಟಿ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟೆ, ಸ್ವಲ್ಪ ಹೊತ್ತಿಗೆ ಹೆಸರು ಕೂಗಿದರು, ಕಾಗದದ ಚೀಲದಲ್ಲಿ ಗುಳಿಗೆ ಹಾಕಿ ಕೈಗೆ ಕೊಟ್ಟರು. ನಾನು ಪಾಕೀಟು ತೆಗೆದು ಅಲ್ಲೇ ನಿಂತೆ. ಕೌಂಟರಿನಲ್ಲಿದ್ದ ಹುಡುಗಿಗೆ ನಾನು ಯಾಕೆ ನಿಂತಿದ್ದೇನೆ ಅನ್ನೋದೇ ತಿಳಿಯಲಿಲ್ಲ. ವೇಲ್ಸ್‌ನಲ್ಲಿ 2007ರ ಏಪ್ರಿಲ್‌ನಿಂದ ಡಾಕ್ಟರು ಬರೆದ ಔಷಧಿಗೆ ಯಾರೂ ದುಡ್ಡು ಕೊಡೋದಿಲ್ಲ ಅಂತ ನನಗೆ ಗೊತ್ತಾದದ್ದು ಆವತ್ತು.

ಅಂಗಡಿಯಿಂದ ಹೊರಗೆ ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ಒಂದು ಕತ್ತರಿ.

ನಮ್ಮೂರು ಕಲಬುರಗಿ ಜಿಲ್ಲೆ, ಶಹಾಬಾದ್ ಹತ್ತಿರ. ನಮ್ಮ ಕಾಕಾ ಅಲ್ಲಿನ ಪರ್ಸಿ ಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷ ಕಲ್ಲು ಎಬ್ಬಿಸಿದವರು. ಅವರಿಗೂ ಬಿಪಿ. ಊರಿಗೆ ಹೋದಾಗ ಒಮ್ಮೆ ಅವರ ಜೊತೆ ಔಷಧಿ ಅಂಗಡಿಗೆ ಹೋಗಿದ್ದೆ. "ನಾಕು ಕೊಡ್ರಿ" ಅಂದರು ಕಾಕಾ. ಅಂಗಡಿಯವನು ಹತ್ತು ಗುಳಿಗೆಯ ಪಟ್ಟಿ ತೆಗೆದ, ಕತ್ತರಿ ಇಟ್ಟ, ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟ. ಗುಳಿಗೆಯ ಹೆಸರು ಅರ್ಧ ಇತ್ತು. ತಾರೀಖು ಆ ಕಡೆ ಉಳಿದ ತುಂಡಿನಲ್ಲಿ ಹೋಯಿತು. ಪೂರಾ ಪಟ್ಟಿ ನಾನು ಕೊಡಿಸ್ತೀನಿ ಅಂದರೆ ಕಾಕಾ ಒಪ್ಪಲಿಲ್ಲ. "ತಲಿ ನೂಸಿದ್ರ ತಗೋತೀನಿ ತಮ್ಮಾ, ಆರಾಮ್ ಇದ್ದಾಗ ಸುಮ್ನೆ ಯಾಕ ನುಂಗ್ಲಿ?"

ಎರಡು ವರ್ಷ ಆದಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ ಕೈ, ಕಾಲು, ಮಾತು ಎಲ್ಲಾ ಹೋಯಿತು.

ಆಮೇಲೆ ನಡೆದದ್ದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಡೆಯುವಂಥದ್ದೇ. ಮೊದಲು ಊರಿನ ಆರ್‌ಎಂಪಿ ಡಾಕ್ಟರು ಬಂದು ಸೂಜಿ ಮಾಡಿ ಸಲೈನ್ ಹಚ್ಚಿದರು. ಅಲ್ಲಿಂದ ಕಲಬುರಗಿ, ಅಷ್ಟರಲ್ಲಿ ಯಾರೋ ಬೀಗರು "ಸೊಲ್ಲಾಪುರಕ್ಕ ಒಯ್ರಿ, ಅಲ್ಲಿ ಚಲೋ ಮಾಡ್ತಾರ" ಅಂದರು, ಬಾಡಿಗೆ ಗಾಡಿ ಮಾಡಿಕೊಂಡು ಸೊಲ್ಲಾಪುರಕ್ಕೆ ಹೋದರು. ಅಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ನಮ್ಮ ಸರ್ಕಾರಿ ಆರೋಗ್ಯ ಕಾರ್ಡ್ ತೋರಿಸಿದರೆ ಇಲ್ಲಿ ಇದು ನಡೆಯೋದಿಲ್ಲ, ಮೊದಲು ಐವತ್ತು ಸಾವಿರ ಕಟ್ಟಿ ಅಂದರು. ಹನ್ನೊಂದು ದಿನ ಇದ್ದರು. ಎರಡು ಎಕರೆ ತೊಗರಿ ಹೊಲ ಒತ್ತಿ ಬಿತ್ತು. ಕೈಗಡ ಎಷ್ಟಾಯಿತು ಅಂತ ಕಾಕು ಇವತ್ತಿಗೂ ಸರಿಯಾಗಿ ಹೇಳೋದಿಲ್ಲ.

ನಾನು ಡಾಕ್ಟರಲ್ಲ, ಲೆಕ್ಕಪತ್ರದ ಕೆಲಸದವನು. ಆದರೂ ಆ ವರ್ಷದಿಂದ ಆರೋಗ್ಯದ ಅರ್ಥಶಾಸ್ತ್ರ ಅಂತ ಏನು ಸಿಕ್ಕಿದರೂ ಓದುತ್ತಾ ಬಂದಿದ್ದೇನೆ. ಜನ ಯಾವಾಗ ದವಾಖಾನೆಗೆ ಹೋಗುತ್ತಾರೆ, ಯಾವಾಗ ಹೋಗೋದಿಲ್ಲ, ದುಡ್ಡು ಅದರಲ್ಲಿ ಎಷ್ಟು ಅಡ್ಡ ಬರುತ್ತದೆ ಅನ್ನುವ ಅಧ್ಯಯನಗಳು. ಅದರಲ್ಲಿ ನನ್ನನ್ನು ಜಾಸ್ತಿ ಕಾಡಿದ ಒಂದು ವಿಷಯವನ್ನೇ ಇಲ್ಲಿ ಹೇಳಬೇಕು.

ನಮ್ಮ ದೇಶದ ಲೆಕ್ಕ ಹೀಗಿದೆ. ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ತಮ್ಮ ಕಿಸೆಯಿಂದಲೇ ಕೊಡುವ ಪಾಲು 2013-14ರಲ್ಲಿ ನೂರಕ್ಕೆ 64 ಇತ್ತು. 2021-22ರ ಹೊತ್ತಿಗೆ ಅದು 39.4ಕ್ಕೆ ಇಳಿದಿದೆ ಅಂತ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕ ಹೇಳುತ್ತದೆ. ಇಳಿದದ್ದು ಒಳ್ಳೆಯದೇ. ಬ್ರಿಟನ್ನಿನಲ್ಲಿ ಇದು ನೂರಕ್ಕೆ ಹದಿನೈದರ ಆಸುಪಾಸು. ಆದರೆ ಕಿಸೆಯ ಖರ್ಚು ಕಡಿಮೆ ಇದೆ ಅಂದರೆ ಎರಡು ಕಾರಣ ಇರಬಹುದು. ಒಂದೋ ಸರ್ಕಾರ ಕೊಡುತ್ತಿದೆ, ಇಲ್ಲಾ ಜನ ದವಾಖಾನೆಗೇ ಹೋಗುತ್ತಿಲ್ಲ. ನಾಲ್ಕು ಗುಳಿಗೆ ಕೊಂಡು ಆರು ಬಿಟ್ಟ ಕಾಕಾನ ಆ ವರ್ಷದ ಗುಳಿಗೆ ಖರ್ಚು ಎಷ್ಟಿರಬಹುದು? ಇನ್ನೂರು ಮುನ್ನೂರು ರೂಪಾಯಿ. ಮನೆ ಖರ್ಚಿನ ನೂರಕ್ಕೆ ಹತ್ತು ಪಾಲು ಆರೋಗ್ಯಕ್ಕೆ ಹೋದರೆ ಆ ಮನೆಗೆ ಹೊಡೆತ ಬಿತ್ತು ಅಂತ ಅಳೆಯುತ್ತಾರೆ. ಆ ಅಳತೆಯಲ್ಲಿ ಕಾಕಾನ ಮನೆ ಆಗ ಪೂರ್ತಿ ಕ್ಷೇಮ.

ಕಾಯಿಲೆ ಎಷ್ಟಿದೆ ಅಂತ ಕೇಳುವ ರೀತಿಯೂ ಹಾಗೇ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಗೆ ಬಂದರೆ ಹೋದ ಹದಿನೈದು ದಿನದಲ್ಲಿ ಯಾರಿಗಾದರೂ ಆರಾಮ್ ಇರಲಿಲ್ಲವಾ ಅಂತ ಕೇಳುತ್ತಾರೆ, ಅಡ್ಮಿಟ್ ಆದದ್ದಕ್ಕೆ ಹೋದ ಒಂದು ವರ್ಷದ ಲೆಕ್ಕ ಕೇಳುತ್ತಾರೆ. ಕಾಕಾನ್ನ ಕೇಳಿದ್ದರೆ "ನನಗೇನಾಗ್ಯಾದ, ಗಟ್ಟಿ ಇದೀನಿ" ಅಂತಿದ್ದರು. ದೇಶದಲ್ಲಿ ನಮಗೆ ಕಾಯಿಲೆ ಇದೆ ಅಂತ ಜಾಸ್ತಿ ಹೇಳುವವರು ಕೇರಳದ ಜನ. ಅತಿ ಹೆಚ್ಚು ವರ್ಷ ಬದುಕುವವರಲ್ಲೂ ಅವರೇ ಮುಂದೆ. ಬಿಹಾರದಲ್ಲಿ ಹಾಗೆ ಹೇಳುವವರು ಕಡಿಮೆ. ಅಮರ್ತ್ಯ ಸೇನ್ ಇದನ್ನು ಎಷ್ಟೋ ಹಿಂದೆಯೇ ತೋರಿಸಿದ್ದಾರೆ. ಡಾಕ್ಟರು ಹತ್ತಿರ ಇದ್ದು, ಹೋದರೆ ಏನಾದರೂ ಸಿಗುತ್ತದೆ ಅನ್ನುವ ಭರವಸೆ ಇದ್ದರೆ ತಾನೇ ಮನುಷ್ಯ ತನಗೆ ಆರಾಮಿಲ್ಲ ಅಂತ ಹೇಳೋದು? ಕಲ್ಲಿನ ಕೆಲಸದವನಿಗೆ ಮೈ ಕೈ ನೋವು, ತಲೆ ಸುತ್ತು ಎಲ್ಲಾ ದಿನದ ಕೆಲಸದ ಭಾಗವೇ.

ವೇಲ್ಸ್‌ನವರಿಗೂ ಇದು ಚೆನ್ನಾಗಿ ಗೊತ್ತು, ಯಾಕಂದರೆ ಇದೂ ಖಣಿಯ ನಾಡು. ನಮ್ಮಲ್ಲಿ ಕಲ್ಲು, ಇವರಲ್ಲಿ ಕಲ್ಲಿದ್ದಲು. ಟ್ರೆಡೀಗರ್ ಅನ್ನುವ ಊರಲ್ಲಿ ಗಣಿ ಕೆಲಸಗಾರರು ಪಗಾರದಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ತಮ್ಮದೇ ವೈದ್ಯ ಸಹಾಯ ಸಂಘ ನಡೆಸುತ್ತಿದ್ದರು. ಅದೇ ಊರಿನ, ಹದಿಮೂರನೇ ವಯಸ್ಸಿಗೆ ಗಣಿಗೆ ಇಳಿದ ಹುಡುಗ ಅನೈರಿನ್ ಬೆವನ್ ಮುಂದೆ ಮಂತ್ರಿಯಾಗಿ 1948ರ ಜುಲೈ 5ಕ್ಕೆ ಇಡೀ ದೇಶಕ್ಕೆ ಎನ್‌ಎಚ್‌ಎಸ್ ಅನ್ನುವ ಪುಕ್ಕಟೆ ಸರ್ಕಾರಿ ಆರೋಗ್ಯ ಸೇವೆ ತಂದ. ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ದುಡ್ಡು ತಗೋತೀವಿ ಅಂತ ಸರ್ಕಾರ ಹೊರಟಾಗ 1951ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟ.

ಅದೇ 1948ರಲ್ಲಿ ನಮ್ಮಲ್ಲಿ ಕೆಲಸಗಾರರ ವಿಮೆಯ ಇಎಸ್‌ಐ ಕಾಯ್ದೆ ಬಂತು ಅನ್ನೋದನ್ನು ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು. ಅದೂ ಕೆಲಸಗಾರರ ಪಗಾರದಿಂದಲೇ ನಡೆಯುವ ವ್ಯವಸ್ಥೆ. ಈಗ ಕೆಲಸಗಾರನಿಂದ ನೂರಕ್ಕೆ 0.75, ಮಾಲೀಕನಿಂದ 3.25. ಕಲಬುರಗಿಯ ಸೇಡಂ ರಸ್ತೆಯಲ್ಲಿ ಅದರದ್ದೇ ಅಷ್ಟು ದೊಡ್ಡ ಕಟ್ಟಡ ನಿಂತಿದೆ. ಆದರೆ ಮೂವತ್ತು ವರ್ಷ ಕಲ್ಲು ಎಬ್ಬಿಸಿದ ನಮ್ಮ ಕಾಕಾನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಗುತ್ತೇದಾರ ಶನಿವಾರಕ್ಕೊಮ್ಮೆ ಕೈಗೆ ದುಡ್ಡು ಕೊಡುತ್ತಿದ್ದ, ಅಷ್ಟೇ.

ನಾನಿರುವಲ್ಲಿಂದ ಗಾಡಿಯಲ್ಲಿ ಒಂದು ತಾಸು ಹೋದರೆ ಗ್ಲಿನ್‌ಕೊರುಗ್ ಅನ್ನುವ ಹಳ್ಳಿ ಸಿಗುತ್ತದೆ. ಸುತ್ತ ಗುಡ್ಡ, ನಡುವೆ ಸಾಲು ಮನೆಗಳು. ಅಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ಒಬ್ಬ ಡಾಕ್ಟರು ಇದ್ದರು, 2018ರಲ್ಲಿ ತೀರಿಕೊಂಡರು. ಆರೈಕೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ, ಆರೋಗ್ಯ ಮಾರುಕಟ್ಟೆಯ ಕೈಗೆ ಹೋದಷ್ಟೂ ಇದು ಹೆಚ್ಚಾಗುತ್ತದೆ ಅಂತ 1971ರಲ್ಲಿ ಬರೆದವರು ಅವರು. ಬರೆದು ಸುಮ್ಮನೆ ಕೂರಲಿಲ್ಲ. ಊರಿನ ದೊಡ್ಡವರೆಲ್ಲರ ಬಿಪಿ ಅಳೆದರು. ಬಾರದವರನ್ನು ಹುಡುಕಿಕೊಂಡು ಹೋದರು. ಆರಾಮ್ ಇದ್ದೇನೆ ಅನ್ನುವ ಗಣಿ ಕೆಲಸದವನ ತೋಳಿಗೂ ಪಟ್ಟಿ ಕಟ್ಟಿದರು, ಗುಳಿಗೆ ಶುರು ಮಾಡಿಸಿದರು, ತಿಂಗಳಾದ ಮೇಲೆ ಮತ್ತೆ ನೋಡಿದರು. ಇಪ್ಪತ್ತೈದು ವರ್ಷದ ಲೆಕ್ಕ ತೆಗೆದಾಗ ಪಕ್ಕದ ಅಂಥದ್ದೇ ಹಳ್ಳಿಗಿಂತ ಅಲ್ಲಿ ಸಾವು ಕಡಿಮೆ ಇತ್ತು. ಅವರು ಮಾಡಿದ್ದು ಇಷ್ಟೇ. ದೊಡ್ಡ ಯಂತ್ರ ಏನೂ ಇರಲಿಲ್ಲ.

ಪುಕ್ಕಟೆ ಕೊಟ್ಟರೆ ಜನ ಬೇಕಾಬಿಟ್ಟಿ ಬಳಸುತ್ತಾರೆ ಅಂತ ಊರಲ್ಲೂ ಹೇಳುತ್ತಾರೆ, ಇಲ್ಲೂ ಹೇಳುತ್ತಾರೆ. ಅಮೆರಿಕದಲ್ಲಿ ರ‍್ಯಾಂಡ್ ಸಂಶೋಧನಾ ಸಂಸ್ಥೆಯವರು 1974ರಿಂದ 1982ರವರೆಗೆ ಇದನ್ನೇ ಪರೀಕ್ಷೆ ಮಾಡಿದರು. ಸಾವಿರಾರು ಜನರನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರಿಗೆ ಚಿಕಿತ್ಸೆ ಪೂರ್ತಿ ಪುಕ್ಕಟೆ, ಉಳಿದವರಿಗೆ ಬೇರೆ ಬೇರೆ ಪಾಲು ಕೈಯಿಂದ ಹಾಕುವ ಹಾಗೆ ಮಾಡಿದರು. ಕೈಯಿಂದ ದುಡ್ಡು ಹಾಕಬೇಕಾದವರು ದವಾಖಾನೆಗೆ ಹೋಗೋದು ಕಡಿಮೆ ಆಯಿತು, ಅದು ನಿಜ. ಆದರೆ ಅವರು ಬೇಡದ್ದನ್ನು ಬಿಟ್ಟಷ್ಟೇ ಬೇಕಾದ್ದನ್ನೂ ಬಿಟ್ಟರು. ಬಿಪಿ ಇದ್ದ ಬಡವರಲ್ಲಿ, ಪುಕ್ಕಟೆ ಸಿಕ್ಕವರ ಬಿಪಿ ಚೆನ್ನಾಗಿ ಹತೋಟಿಗೆ ಬಂತು. ಯಾವ ಗುಳಿಗೆ ಬಿಡಬಹುದು, ಯಾವುದು ಬಿಡಬಾರದು ಅಂತ ಕಾಕಾನಿಗೆ ಹೇಗೆ ಗೊತ್ತಾಗಬೇಕು? ಸಲೈನ್‌ಗೆ ಮುನ್ನೂರು ಕೊಟ್ಟು ಹಚ್ಚಿಸಿಕೊಳ್ಳುತ್ತಿದ್ದರು, ಯಾಕಂದರೆ ಅದು ಕಣ್ಣಿಗೆ ಕಾಣುತ್ತದೆ. ಗುಳಿಗೆ ಮಾಡುವ ಕೆಲಸ ಕಾಣೋದಿಲ್ಲ.

ಇಲ್ಲಿನದ್ದೆಲ್ಲಾ ಚೆಂದ ಅಂತ ನಾನು ಹೇಳೋದಿಲ್ಲ. ಬೆಳಿಗ್ಗೆ ಎಂಟಕ್ಕೆ ಫೋನ್ ಹಚ್ಚಿ ಸಾಲಲ್ಲಿ ಕಾದರೂ ಕೆಲವು ದಿನ ಡಾಕ್ಟರು ಸಿಗೋದಿಲ್ಲ. ನನ್ನ ಹೆಂಡತಿ ಮೊಣಕಾಲು ತೋರಿಸಲು ತಜ್ಞರಿಗಾಗಿ ಹದಿನಾಲ್ಕು ತಿಂಗಳು ಕಾದಳು, ರಾತ್ರಿ ನೋವಿಗೆ ಎದ್ದು ಕೂರುತ್ತಿದ್ದಳು. ಕಲಬುರಗಿಯಲ್ಲಾದರೆ ದುಡ್ಡಿದ್ದವರಿಗೆ ಅದೇ ಸಂಜೆ ಮೂಳೆ ಡಾಕ್ಟರು ಸಿಗುತ್ತಾರೆ, ಸ್ಕ್ಯಾನ್ ಆಗಿ ರಿಪೋರ್ಟೂ ಕೈಗೆ ಬರುತ್ತದೆ. ಈ ವಿಷಯದಲ್ಲಿ ನಮ್ಮೂರೇ ಮೇಲು. ಆದರೆ ಇಲ್ಲಿ ಕಾಯುವ ಸಾಲಿನಲ್ಲಿ ನನ್ನ ಹೆಂಡತಿಯ ಹೆಸರಿತ್ತು. ಎಷ್ಟು ಜನ ಕಾಯುತ್ತಿದ್ದಾರೆ ಅಂತ ತಿಂಗಳು ತಿಂಗಳು ಲೆಕ್ಕ ಹೊರಬರುತ್ತದೆ, ಅದರ ಮೇಲೆ ಜಗಳ ಆಗುತ್ತದೆ. ನಮ್ಮಲ್ಲಿ ದುಡ್ಡಿಲ್ಲದೆ ಮನೆಯಲ್ಲೇ ಕೂತವರ ಸಾಲನ್ನು ಯಾರು ಎಣಿಸುತ್ತಾರೆ?

ಅಡ್ಡ ಬಂದ ದುಡ್ಡು ಸರಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಬಿಪಿಎಲ್ ಮನೆಯವರಿಗೆ ಹೃದಯ, ಕ್ಯಾನ್ಸರ್ ಥರದ ದೊಡ್ಡ ಕಾಯಿಲೆಗೆ ಪುಕ್ಕಟೆ ಚಿಕಿತ್ಸೆ, ಜೊತೆಗೆ ಹಳ್ಳಿಗಳಲ್ಲಿ ತಪಾಸಣೆ ಕ್ಯಾಂಪು. ಯೋಜನೆ ಬಂದ ಜಿಲ್ಲೆ, ಇನ್ನೂ ಬಾರದ ಜಿಲ್ಲೆ, ಇವುಗಳ ಗಡಿಯ ಆಚೆ ಈಚೆ ಇದ್ದ 572 ಹಳ್ಳಿಗಳ ಮನೆಗಳನ್ನು ಸಂಶೋಧಕರು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟನ್ನಿನ ದೊಡ್ಡ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಅದು ಬಂತು. ಯೋಜನೆಯೊಳಗಿನ ಕಾಯಿಲೆಗಳಿಂದ ಸತ್ತವರು ಯೋಜನೆ ಇಲ್ಲದ ಕಡೆ ನೂರಕ್ಕೆ 0.90, ಇದ್ದ ಕಡೆ 0.32. ದೊಡ್ಡ ದವಾಖಾನೆಗೆ ಅಡ್ಮಿಟ್ ಆದಾಗ ಕೈಯಿಂದ ಹಾಕಿದ ದುಡ್ಡು ಮೂರರಲ್ಲಿ ಒಂದು ಪಾಲು ಕಡಿಮೆ. ಅದೇ ರೊಟ್ಟಿ, ಅದೇ ಬಿಸಿಲು, ಅದೇ ಜನ. ಚಿಕಿತ್ಸೆ ಸಿಕ್ಕಿತು, ಬದುಕಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ಆಗಲೂ ಈಗಲೂ ಕಾರ್ಡ್ ಕೆಲಸ ಮಾಡೋದು ಅಡ್ಮಿಟ್ ಆದಮೇಲೆ. ಆಯುಷ್ಮಾನ್ ಕಾರ್ಡ್‌ನಲ್ಲಿ ಮನೆಗೆ ವರ್ಷಕ್ಕೆ ಐದು ಲಕ್ಷದ ತನಕ ಇದೆ, ದಿನಾ ನುಂಗುವ ಗುಳಿಗೆಗೆ ಅದರಲ್ಲಿ ಜಾಗ ಇಲ್ಲ. ಲಕ್ವಾ ಹೊಡೆದ ಮೇಲೆ ಲಕ್ಷ, ಹೊಡೆಯದ ಹಾಗೆ ನೋಡಿಕೊಳ್ಳಲು ಏನೂ ಇಲ್ಲ. ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದಲ್ವಾ ಅಂತ ನೀವು ಕೇಳಬಹುದು. ಸಿಗುತ್ತದೆ. ಅದನ್ನು ತರಲು ಒಂದು ದಿನದ ಕೂಲಿ ಬಿಡಬೇಕು, ಬಸ್ ಚಾರ್ಜು, ಚೀಟಿಗೆ ಸಾಲು, ಹದಿನೈದು ದಿನಕ್ಕೆ ಸಾಲುವಷ್ಟು ಗುಳಿಗೆ, ಮತ್ತೆ ಇನ್ನೊಂದು ದಿನದ ಕೂಲಿ. ಅಂಗಡಿಯಲ್ಲಿ ನಾಲ್ಕು ಗುಳಿಗೆ ಕತ್ತರಿಸಿಕೊಳ್ಳೋದು ಇದಕ್ಕಿಂತ ಅಗ್ಗ. ಕಾಕಾ ಲೆಕ್ಕ ತಪ್ಪಿರಲಿಲ್ಲ.

ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಕಟ್ಟಡ ಕಲಬುರಗಿಗೆ ಬಂದದ್ದು, ಯಾದಗಿರಿಗೆ ಮೆಡಿಕಲ್ ಕಾಲೇಜು ಬಂದದ್ದು ನನಗೆ ನಿಜಕ್ಕೂ ಖುಷಿ. ಹೈದರಾಬಾದು, ಸೊಲ್ಲಾಪುರ ಅಂತ ಓಡುವುದು ಅಷ್ಟಾದರೂ ಕಡಿಮೆ ಆಗುತ್ತದೆ. ನಾನು ಕೇಳುತ್ತಿರೋದು ಅದಕ್ಕಿಂತ ಸಣ್ಣದು. ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಿಂದ ಬಿಪಿ, ಶುಗರ್ ಗುಳಿಗೆ ಮನೆ ಬಾಗಿಲಿಗೆ ಹೋಗುತ್ತಿವೆ. ನಮ್ಮ ಸರ್ಕಾರವೂ 2024ರಲ್ಲಿ ಗೃಹ ಆರೋಗ್ಯ ಅಂತ ಕೋಲಾರದಲ್ಲಿ ಶುರು ಮಾಡಿತು. ಅದು ನಮ್ಮ ಕಡೆಯ ಜಿಲ್ಲೆಗಳಲ್ಲಿ ಗಟ್ಟಿಯಾಗಿ ನಡೆಯಬೇಕು. ಬಿಪಿ ಅಳೆಯುವವರು ಖಣಿಗೆ ಬರಲಿ, ಸಂತೆಗೆ ಬರಲಿ, ಕೂಲಿ ಮುಗಿದ ಮೇಲೆ ಸಂಜೆ ಬರಲಿ. ಒಮ್ಮೆ ಅಳೆದು ಹೋದರೆ ಸಾಲದು, ಎರಡು ತಿಂಗಳ ಗುಳಿಗೆ ಒಟ್ಟಿಗೆ ಕೊಡಬೇಕು. ಗುಳಿಗೆ ಮುಗಿದರೂ ಬಾರದವನ ಮನೆಗೆ ಆಶಾ ಅಕ್ಕ ಹೋಗಬೇಕು, ಆ ಹೋಗುವುದಕ್ಕೆ ಅವಳಿಗೆ ಸರಿಯಾದ ದುಡ್ಡೂ ಕೊಡಬೇಕು. ಟ್ಯೂಡರ್ ಹಾರ್ಟ್ ಮಾಡಿದ್ದು ಇದನ್ನೇ ಅಲ್ವಾ?

ಕಾಕಾನ ಮಗನಿಗೆ ಈಗ ನಲವತ್ತೊಂದು. ಹೋದ ದೀಪಾವಳಿಗೆ ಊರಿಗೆ ಹೋದಾಗ ಹಿಡಿದು ಕೂರಿಸಿ ಅಳೆದೆ, ಮೇಲಿನದು 160 ಇತ್ತು. "ಅಣ್ಣಾ, ನನಗೇನೂ ಅನಸೂದಿಲ್ಲ" ಅಂದ. ಅವನ ಹಿಂದೆ ಗೋಡೆಗೆ ಒರಗಿ ಕೂತ ಕಾಕಾ ಮಾತು ಬಾರದೆ ಎಡಗೈ ಎತ್ತಿ ಎತ್ತಿ ತೋರಿಸುತ್ತಿದ್ದರು. ಮರುದಿನವೇ ಹುಡುಗನನ್ನು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ ಗುಳಿಗೆ ಶುರು ಮಾಡಿಸಿದೆ. ಈಗ ಪ್ರತಿ ಭಾನುವಾರ ಫೋನ್ ಮಾಡಿ ಎಷ್ಟು ಉಳಿದಾವ ಅಂತ ಕೇಳುತ್ತೇನೆ. ಅವನು ಪಟ್ಟಿ ತೆಗೆದು ಎಣಿಸುವುದು ಇಲ್ಲಿಗೆ ಕೇಳಿಸುತ್ತದೆ. ಹೋದ ಭಾನುವಾರ ಆರು ಅಂದ.